ಕಲ್ಯಾಣದ ಸೀಮೆಯಲ್ಲಿ ಕಫಕಾಸದ ಔಷಧಗಳೂ ಅವುಗಳ ಹೆಸರುಗಳೂ

ಕನ್ನಡ ವಾಙ್ಮಯದ ಚರಿತ್ರೆಯನ್ನು ಬರೆದವರು ವೈದ್ಯಗ್ರಂಥಗಳನ್ನು ಹೆಸರಿಸದೆ ಬಿಟ್ಟಿಲ್ಲ. ಆದರೆ ಹೆಸರಿಸಿ ಮುಂದೆ ಸಾಗಿದ್ದಾರೆ. ಕವಿಯ ಕಾಲ, ಮತ, ಆಶ್ರಯವಿತ್ತ ಅರಸು, ಗ್ರಂಥದ ಛಂದಸ್ಸು, ಇವಿಷ್ಟೂ ನಿರ್ಣಯವಾದಮೇಲೆ, ಆ ಗ್ರಂಥದೊಳಗಿನ ಔಷಧವಾವುದು, ಅದರ ಗಿಡವಾವುದು, ಆ ಗಿಡಕ್ಕೆ ಕನ್ನಡದಲ್ಲಿ ಬಂದ ಹೆಸರು ಎಲ್ಲಿಯದು ಎಂಬ ವಿಚಾರವು ವೈದ್ಯರಿಗೆ ಸೇರಿದ್ದೆಂದು ಸಾಹಿತ್ಯಜ್ಞರೂ, ಶಬ್ದಜ್ಞರಿಗೆ ಸೇರಿದ್ದೆಂದು ವೈದ್ಯರೂ ಬಗೆದು ಸುಮ್ಮನಾಗಿರುವಂತೆ ಕಾಣುತ್ತದೆ. ಇದರಿಂದಾಗಿರುವ ನಷ್ಟ ಅಲ್ಪವಲ್ಲ. ಕಾವ್ಯದಲ್ಲಿ ಒಂದು ಶಬ್ದವನ್ನು ತಪ್ಪಾಗಿ ಓದಿದರೆ ರಸಕ್ಕೆ ಭಂಗ ಬಂದೀತು. ವೈದ್ಯಗ್ರಂಥದಲ್ಲಿ ತಪ್ಪಾಗಿ ಓದಿದರೆ ಆ ತಪ್ಪು ರೋಗಿಯ ಹೊಟ್ಟೆಗೆ ಇಳಿಯುತ್ತದೆ. ಈ ಮಾತಿಗೆ ಉದಾಹರಣೆಯಾಗಿ, ಎಲ್ಲ ಮನೆಗಳಿಗೂ ಪರಿಚಿತವಾದ ಒಂದು ವ್ಯಾಧಿಯನ್ನೂ, ಕನ್ನಡನಾಡಿನ ಚರಿತ್ರೆಯಲ್ಲಿ ವಿಶೇಷ ಪ್ರಸಿದ್ಧಿಯುಳ್ಳ ಒಂದು ಸೀಮೆಯನ್ನೂ ಎತ್ತಿಕೊಳ್ಳಬಹುದು. ವ್ಯಾಧಿ ಕಫದ ಕೆಮ್ಮು. ಸೀಮೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ ಹುಮನಾಬಾದಗಳದು.

ಶಾಸ್ತ್ರವು ಈ ವ್ಯಾಧಿಯ ವಿಷಯದಲ್ಲಿ ಹೇಳಿರುವುದನ್ನು ಮೊದಲು ಸಂಗ್ರಹವಾಗಿ ನೋಡುವುದು ಯುಕ್ತ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೮ನೆಯ ಅಧ್ಯಾಯವು ಕಾಸಕ್ಕೆ ಮೀಸಲಾದುದು. ಸುಶ್ರುತನಲ್ಲಿ ಇದು ಉತ್ತರತಂತ್ರದಲ್ಲಿದೆ. ಕಾಸವು ಐದು ವಿಧ: ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ. ಕಫಜದಲ್ಲಿ ತಲೆ ಭಾರವಾಗಿರುವುದು, ಅಗ್ನಿ ಮಂದವಾಗುವುದು, ಬಾಯಿ ಸಿಹಿಸಿಹಿಯಾಗಿರುವುದು, ಎದೆ ತುಂಬಿಕೊಂಡಂತಿದ್ದರೂ ಕೆಮ್ಮುವಾಗ ನೋವು ತೋರದಿರುವುದು, ಗಟ್ಟಿಯಾಗಿ ಜಿಗುಟಾದ ಶ್ಲೇಷ್ಮವು ಬಹಳವಾಗಿ ಬೀಳುವುದು, ಇವು ಲಕ್ಷಣಗಳು. ರೋಗಿಯು ಬಲವಂತನಾಗಿದ್ದರೆ ವಮನದಿಂದ ಮೊದಲುಮಾಡಿ, ಬಳಿಕ ಜವೆಯ ಆಹಾರವನ್ನೂ, ಕಟು, ರೂಕ್ಷ, ಉಷ್ಣ ಗುಣಗಳ ದ್ರವ್ಯಗಳನ್ನೂ ಕೊಡತಕ್ಕದ್ದು. ಹುರಳಿಯ ಕಟ್ಟಿಗೂ ಮೂಲಂಗಿಯ ರಸಕ್ಕೂ ಅಲ್ಲಿ ಸ್ಥಾನವುಂಟು. ಮಳೆಗಾಲ ಚಳಿಗಾಲಗಳಲ್ಲಿ ಹುರಳಿಯ ಕಟ್ಟಿನ ಸಾರಿಗೆ ಮೆಣಸು ಬೆಳ್ಳುಳ್ಳಿ ಹಾಕಿ ಬಿಸಿಬಿಸಿಯಾಗಿ ಕುಡಿಸುವ ಗೃಹಿಣಿಯು ಚರಕನನ್ನು ಕೇಳಿದವಳಲ್ಲ. ಆದರೂ ಚರಕನ ಯೂಷಕ್ಕೂ ಆಕೆಯ ಸಾರಿಗೂ ಇರುವ ದೂರ ಹೆಚ್ಚಲ್ಲ. ರಾಜಯಕ್ಷ್ಮದ ಅಧ್ಯಾಯದಲ್ಲಿ ಬರುವ ಸಿತೋಪಲಾದಿ ಚೂರ್ಣವು ಈಗಲೂ ಪ್ರಚುರವಾಗಿರುವುದಷ್ಟೆ. ಅದರ ಪ್ರಮಾಣವೇ ನೆನಪಿನಲ್ಲಿ ಉಳಿಯುವಂತೆ ರಚಿತವಾಗಿದೆ: ಕಲ್ಲುಸಕ್ಕರೆ ೧೬ ಭಾಗ, ವಂಶಲೋಚನ ೮, ಹಿಪ್ಪಲಿ ೪, ಏಲಕ್ಕಿ ೨, ದಾಲ್ಚಿನ್ನಿ ೧. ಪ್ರತಿಯೊಂದೂ ಮುಂದಿನದರ ಎರಡರಷ್ಟು. ಓಲೆಯ ಪ್ರತಿಯು ನುಸಿ ತಿಂದು ಒಂದು ಅಂಕಿ ಹೋದರೂ ಉಳಿದವುಗಳಿಂದ ಅದನ್ನು ತುಂಬಿಕೊಳ್ಳಬಹುದು. ಹಳಬರ ಈ ಜಾಣತನವು ಪ್ರಮಾಣಗಳಿಗೆ ಒದಗಿತು, ಹೆಸರುಗಳಿಗೆ ಒದಗಲಿಲ್ಲ.

ಇನ್ನು ಕಲ್ಯಾಣಕ್ಕೆ ಬರುವ. ಈ ನಗರವನ್ನು ರಾಜಧಾನಿಯಾಗಿ ಮೆರೆಸಿದ ಚಾಳುಕ್ಯ ಒಂದನೆಯ ಸೋಮೇಶ್ವರನ ಆಳಿಕೆ ಕ್ರಿ. ಶ. ೧೦೪೨ರಿಂದ ೧೦೬೮ರವರೆಗೆ. ಅವನ ಅಂತ್ಯವನ್ನು ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ವಿವರಿಸಿದ್ದಾನೆ: ವೈದ್ಯರ ಕೈಮೀರಿದ ಜ್ವರವು ಬಂದಿತು, ಅರಸನು ತುಂಗಭದ್ರೆಗಿಳಿದು ದೇಹವನ್ನು ಬಿಟ್ಟನು. ಚಕ್ರವರ್ತಿಯ ಆಸ್ಥಾನದಲ್ಲಿದ್ದ ಔಷಧಗಳೆಲ್ಲ ನಿಷ್ಫಲವಾದ ಕಥೆಯಿಂದ ಕಲ್ಯಾಣದ ವೈದ್ಯಚರಿತ್ರೆಯು ಆರಂಭವಾಗುವುದೊಂದು ವಿಚಿತ್ರ. ಆದರೆ ಅದೇ ವಂಶದವರೇ ವೈದ್ಯವಿದ್ಯೆಗೆ ಲೇಖನಿಯನ್ನು ಹಿಡಿದವರೂ ಆಗಿದ್ದಾರೆ. ಈ ಸೋಮೇಶ್ವರನ ಮಗನೂ ವಿಕ್ರಮಾದಿತ್ಯನ ಸಹೋದರನೂ ಆದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದ ಸುಮಾರಿನಲ್ಲಿ ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ೧೧೩೦ರ ಆಸುಪಾಸಿನಲ್ಲಿ ಮಾನಸೋಲ್ಲಾಸವನ್ನು ಸಂಸ್ಕೃತದಲ್ಲಿ ಬರೆದನು. ದೀನರು, ಅನಾಥರು, ಆರ್ತರು ಇವರ ಪೋಷಣೆಯನ್ನು ಆ ಗ್ರಂಥವು ಅರಸನ ಧರ್ಮಗಳಲ್ಲಿ ಎಣಿಸುತ್ತದೆ. ತಾಂಬೂಲವನ್ನು ರಾಜಭೋಗಗಳಲ್ಲಿ ಒಂದಾಗಿ ವರ್ಣಿಸುತ್ತದೆ. ವೀಳ್ಯದೆಲೆಯು ಕಫಹರವೆಂಬುದು ನಿಘಂಟುಕಾರರ ಮತವಾದುದರಿಂದ, ಭೋಗವೆಂದು ಹೇಳಿದ್ದರಲ್ಲಿಯೂ ಔಷಧದ ಅಂಶವು ಸೇರಿಕೊಂಡಿತೆನ್ನಬಹುದು. ಅರಸನಿಗಾಗಿ ಬರೆದುದು ಸಂಸ್ಕೃತದಲ್ಲಿ, ದನಗಳಿಗಾಗಿ ಬರೆದುದು ಕನ್ನಡದಲ್ಲಿ ಎಂದು ಯಾರಾದರೂ ಪರಿಹಾಸ ಮಾಡಿದರೆ ತಪ್ಪೇನೂ ಇಲ್ಲ. ಆದರೆ ಆ ಪರಿಹಾಸದಲ್ಲಿ ಒಂದು ತಥ್ಯವಡಗಿದೆ. ದನ ಕಾಯುವವನ ಕೈಗೆ ಮದ್ದು ಸೇರಬೇಕಾದಲ್ಲಿ ಗಿಡದ ಹೆಸರು ಅವನ ಬಾಯಲ್ಲಿರುವ ಹೆಸರೇ ಆಗಿರಬೇಕು. ಚಾಳುಕ್ಯರ ಕಾಲದಲ್ಲಿ ವೈದ್ಯವು ಕನ್ನಡಕ್ಕೆ ಇಳಿದುದು ಈ ಅಗತ್ಯದಿಂದ. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಭೂಜಲ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ನರವೈದ್ಯವೂ ವಿಷವೈದ್ಯವೂ ಕೂಡಿರುವುದಕ್ಕೆ ಕಾರಣವೂ ಇದೇ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ೧೧೫೦ರ ಸುಮಾರಿನಲ್ಲಿದ್ದ ಜಗದ್ದಳ ಸೋಮನಾಥನ ಗ್ರಂಥಕ್ಕೆ ಕರ್ಣಾಟಕ ಕಲ್ಯಾಣಕಾರಕವೆಂದು ಹೆಸರು. ಈ ಹೆಸರನ್ನೂ ಕಾಲವನ್ನೂ ಕಂಡಕೂಡಲೆ ಕಲ್ಯಾಣಪಟ್ಟಣಕ್ಕೂ ಇದಕ್ಕೂ ಸಂಬಂಧವನ್ನು ಕಲ್ಪಿಸುವುದು ಸುಲಭ. ಆದರೆ ಸೋಮನಾಥನು ಕನ್ನಡಿಸಿದುದು ಪೂಜ್ಯಪಾದರ ಕಲ್ಯಾಣಕಾರಕವನ್ನು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯನ ಸಂಸ್ಕೃತಗ್ರಂಥಕ್ಕೂ ಅದೇ ಹೆಸರು. ಇವೆರಡೂ ಕಲ್ಯಾಣವು ರಾಜಧಾನಿಯಾಗುವುದಕ್ಕೆ ಮೊದಲಿನವು. ಇಲ್ಲಿ ಕಲ್ಯಾಣವೆಂದರೆ ಆರೋಗ್ಯ, ಶ್ರೇಯಸ್ಸು. ಕಲ್ಯಾಣಕಘೃತವೆಂಬ ಪ್ರಸಿದ್ಧ ಔಷಧದ ಹೆಸರಿನಲ್ಲಿಯೂ ಅದೇ ಅರ್ಥ.

ಈ ಜೈನವೈದ್ಯಪರಂಪರೆಯು ಕಫಕಾಸದ ವಿಷಯದಲ್ಲಿ ಎದುರಿಸಿದ ತೊಡಕೊಂದನ್ನು ಗಮನಿಸಬೇಕು. ಸೋಮನಾಥನ ಚಿಕಿತ್ಸೆಯು ಮದ್ಯಮಾಂಸಗಳನ್ನು ಬಿಟ್ಟುದು. ಉಗ್ರಾದಿತ್ಯನಂತೂ ಮಾಂಸವು ಔಷಧವಲ್ಲವೆಂಬುದನ್ನು ಸಾಧಿಸಲು ಒಂದು ಪ್ರಕರಣವನ್ನೇ ಸೇರಿಸಿದ್ದಾನೆ. ಇವುಗಳನ್ನು ಬಿಡುವುದು ಕೆಮ್ಮಿನ ಚಿಕಿತ್ಸೆಗೆ ದೊಡ್ಡ ಕೊರತೆಯಲ್ಲ. ಆದರೆ ಜೈನಗೃಹಸ್ಥನ ಅಷ್ಟಮೂಲಗುಣಗಳಲ್ಲಿ ಮದ್ಯಮಾಂಸಗಳೊಡನೆ ಮಧುವಿನ ತ್ಯಾಗವೂ ಸೇರಿದೆ. ಕಫಹರವಾದ ಅನುಪಾನಗಳಲ್ಲಿ ಮಧುವೇ ಅಗ್ರಗಣ್ಯವೆಂದು ಸಂಹಿತೆಗಳ ಮತ. ಶ್ರಾವಕನಿಗೆ ಹಿಪ್ಪಲಿಯನ್ನು ಏತರಲ್ಲಿ ಕಲಸಿ ಕೊಡಬೇಕು? ಬೆಲ್ಲವು ಸಹಜವಾದ ಉತ್ತರ. ಆದರೆ ಹೊಸಬೆಲ್ಲವು ಕಫವನ್ನೂ ಕಾಸವನ್ನೂ ಹೆಚ್ಚಿಸುವುದೆಂದೂ, ಹಳೆಯದು ಲಘುವಾಗಿ ಪಥ್ಯವೆಂದೂ ಭಾವಪ್ರಕಾಶಾದಿಗಳು ವಿಂಗಡಿಸುತ್ತವೆ. ಶುಂಠಿ ಮೆಣಸುಗಳನ್ನು ಹಳೇ ಬೆಲ್ಲದಲ್ಲಿ ಕುಟ್ಟಿ ಗುಳಿಗೆ ಕಟ್ಟುವಲ್ಲಿ ‘ಹಳೇ’ ಎಂಬ ವಿಶೇಷಣವು ಮುದುಕಿಯರ ಹಟವಲ್ಲ, ಶಾಸ್ತ್ರದ ನಿಬಂಧನೆ. ಕನ್ನಡನಾಡಿನ ಮನೆಗಳಲ್ಲಿ ಬೆಲ್ಲದ ಗುಳಿಗೆಯೂ ಜೇನಿನ ನೆಕ್ಕುಮದ್ದೂ ಒಂದರ ಪಕ್ಕದಲ್ಲಿ ಒಂದು ಉಳಿದುಬಂದಿರುವುದನ್ನು ನೋಡಿದರೆ, ವ್ರತಭೇದದಿಂದ ಅನುಪಾನಭೇದವು ಉಂಟಾಗಿರಬಹುದೆಂದು ಊಹಿಸಲು ಅವಕಾಶವಿದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಜೇನಿನ ಪ್ರಸಂಗದಲ್ಲಿ ಈಚಿನ ವೈದ್ಯರ ಎಚ್ಚರಿಕೆಯೊಂದನ್ನೂ ಸೇರಿಸತಕ್ಕದ್ದು: ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಕೂಡದು.

ಆ ಕಾಲದಲ್ಲಿ ಇಂತಹ ಔಷಧಗಳು ಗ್ರಂಥಗಳಲ್ಲಿ ಮಾತ್ರ ಇದ್ದುವೇ, ರೋಗಿಗಳಿಗೂ ದೊರೆಯುತ್ತಿದ್ದುವೇ ಎಂಬ ಪ್ರಶ್ನೆಗೆ ಶಾಸನಗಳು ಉತ್ತರ ಕೊಡುತ್ತವೆ. ಬಳ್ಳಿಗಾವಿಯ ಕೋಡಿಯಮಠದ ೧೧೬೨ರ ಶಾಸನವು ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನಿದ್ದ ಕಾಲದ್ದು. ವೇದಶಾಸ್ತ್ರಗಳ ವ್ಯಾಖ್ಯಾನಕ್ಕೆ ಎಡೆಯಾದ ಆ ಮಠವು ದೀನರಿಗೂ ಅನಾಥರಿಗೂ ಅನ್ನವನ್ನಿಡುವ, ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೂ ಆಗಿತ್ತೆಂದು ಅದು ಹೊಗಳುತ್ತದೆ. ಆದರೆ ಔಷಧಗಳ ಹೆಸರುಗಳನ್ನೇ ಪಟ್ಟಿಮಾಡಿದ ಶಾಸನವು ಸಿಕ್ಕಿರುವುದು ಕಲ್ಯಾಣದ ಕಡುಹಗೆಗಳಾದ ಚೋಳರ ನಾಡಿನಲ್ಲಿ. ಸೋಮೇಶ್ವರನೊಡನೆ ಕಾದಿದ ವೀರರಾಜೇಂದ್ರನ ಆರನೆಯ ಆಳಿಕೆಯ ವರ್ಷದ, ಎಂದರೆ ೧೦೬೮-೬೯ರ ಸುಮಾರಿನ, ತಿರುಮುಕ್ಕೂಡಲ್ ಶಾಸನವು ೧೫ ಹಾಸಿಗೆಗಳ ಒಂದು ಆತುರಶಾಲೆಯನ್ನು ವರ್ಣಿಸಿ, ಅಲ್ಲಿ ಸಂಗ್ರಹಿಸಿಡಬೇಕಾದ ಇಪ್ಪತ್ತರಷ್ಟು ಔಷಧಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ವಾಸಾಹರೀತಕಿ, ದಶಮೂಲಹರೀತಕಿಗಳು ಸೇರಿವೆ. ವಾಸೆಯೆಂದರೆ ಆಡುಸೋಗೆ, ಹರೀತಕಿಯೆಂದರೆ ಅಳಲೆಕಾಯಿ. ವಾಸೆಯು ಕಾಸಹರ ದ್ರವ್ಯಗಳಲ್ಲಿ ಮೊದಲನೆಯ ಸಾಲಿನದು. ಅದೇ ಪಟ್ಟಿಯಲ್ಲಿ ಕಲ್ಯಾಣಕಲವಣವೆಂಬುದೂ ಇದೆ. ಕಲ್ಯಾಣದ ಹೆಸರನ್ನು ಕೇಳಿದರೆ ಕತ್ತಿ ಹಿರಿಯುತ್ತಿದ್ದ ಚೋಳನ ಆಸ್ಪತ್ರೆಯಲ್ಲಿ ಆ ಶಬ್ದವಿದ್ದುದು ಮೇಲೆ ಹೇಳಿದ ಅರ್ಥಕ್ಕೆ ಇನ್ನೊಂದು ಸಾಕ್ಷಿ. ಎರಡು ರಾಜ್ಯಗಳ ನಡುವಣ ಯುದ್ಧವು ಔಷಧಗಳ ದಾರಿಯನ್ನು ತಡೆದಿರಲಿಲ್ಲ.

ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯಕಾಯಕದ ಸಂಗಣ್ಣನಿದ್ದನು. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ಇಪ್ಪತ್ತರ ಸುಮಾರು ವಚನಗಳು ದೊರೆತಿವೆ. ಅವುಗಳಲ್ಲಿ ರೋಗವೂ ಔಷಧವೂ ಭವಕ್ಕೂ ಭಕ್ತಿಗೂ ಉಪಮೆಗಳಾಗಿ ಬರುತ್ತವೆ. ವೈದ್ಯಚರಿತ್ರೆಯ ದೃಷ್ಟಿಯಿಂದ ಅವುಗಳ ಬೆಲೆ ಬೇರೊಂದರಲ್ಲಿದೆ. ಕೇಳುವವರಿಗೆ ತಿಳಿಯದ ವಸ್ತುವನ್ನು ಯಾರೂ ಉಪಮಾನವಾಗಿ ತರುವುದಿಲ್ಲ. ಕಲ್ಯಾಣದ ಮಹಮನೆಗೆ ಬಂದ ಒಕ್ಕಲಿಗನೂ ಅಂಬಿಗನೂ ವೈದ್ಯದ ಪರಿಭಾಷೆಯನ್ನು ಟೀಕೆಯಿಲ್ಲದೆ ಗ್ರಹಿಸುತ್ತಿದ್ದರೆಂಬುದಕ್ಕೆ ಈ ವಚನಗಳು ಆಧಾರ.

ಈಗ ಹೆಸರುಗಳನ್ನೇ ಪರೀಕ್ಷಿಸುವ. ಕಫಕಾಸಕ್ಕೆ ತ್ರಿಕಟುಕವೇ ಮೂಲಬಲ: ಶುಂಠಿ, ಹಿಪ್ಪಲಿ, ಮೆಣಸು. ಇವುಗಳಲ್ಲಿ ಹಿಪ್ಪಲಿಯ ಹೆಸರು ಸಂಸ್ಕೃತದ ಪಿಪ್ಪಲಿಯೆಂಬುದು ಎಲ್ಲರಿಗೂ ತಿಳಿದ ವಿಷಯ. ಅದು ಕನ್ನಡಕ್ಕೆ ಬಂದ ಕಾಲವಾವುದು? ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಿಪ್ಪಲಿಯು ಹಿಪ್ಪಲಿಯಾಗಿದೆ. ಈ ಮಾರ್ಪಾಟು ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಕಾಣತೊಡಗಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡೆಲ್ಲ ವ್ಯಾಪಿಸಿತು. ಪಂಡಿತರ ಬಾಯಲ್ಲಿ ಮಾತ್ರ ಇದ್ದ ಪೂಜೆ, ಪಾಪ, ಪುಸ್ತಕ ಮೊದಲಾದ ಶಬ್ದಗಳು ಈ ಮಾರ್ಪಾಟಿಗೆ ಒಳಗಾಗಲಿಲ್ಲ. ಪಿಪ್ಪಲಿಯು ಒಳಗಾದುದರಿಂದ, ಅದು ಆ ಕಾಲಕ್ಕೇ ಅಡಿಗೆಮನೆಯ ಮಾತಾಗಿತ್ತೆಂದು ನಿಶ್ಚಯಿಸಬಹುದು. ಕಲ್ಯಾಣದ ಒಣನೆಲದಲ್ಲಿ ಹುಟ್ಟದ, ಮಲೆಸೀಮೆಯಿಂದ ಬರಬೇಕಾದ ಒಂದು ಬಳ್ಳಿಯ ಕಾಯಿ ಜನರ ಬಾಯಲ್ಲಿ ಇಷ್ಟು ಸವೆದಿರುವುದು ಸಣ್ಣ ಸಂಗತಿಯಲ್ಲ. ಇದೇ ಶಬ್ದವು ಪಡುವಲ ಕಡಲನ್ನು ದಾಟಿ ಗ್ರೀಕರಲ್ಲಿ ಪೇಪೆರಿಯಾಗಿ, ಲತೀನರಲ್ಲಿ ಪಿಪೆರ್ ಆಗಿ, ಅಲ್ಲಿ ನಮ್ಮ ಮೆಣಸಿಗೇ ಹೆಸರಾಗಿ ನಿಂತಿತು.

ಮೆಣಸೆಂಬ ಶಬ್ದದಲ್ಲಿ ಬೇರೊಂದು ಅಪಾಯವಿದೆ. ಹಳಗನ್ನಡದ ಮೆಳಸು, ತಮಿಳಿನ ಮಿಳಗು, ಇವೆರಡೂ ಕರಿಮೆಣಸನ್ನೇ ಹೇಳುತ್ತವೆ. ಮೆಣಸಿನಕಾಯಿಯು ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಮೂಲಕ ಅಮೆರಿಕದಿಂದ ಬಂದುದು. ಬಂದಮೇಲೆ ಅದು ಹಳೆಯ ಮೆಣಸಿನ ಹೆಸರನ್ನೇ ಎತ್ತಿಕೊಂಡಿತು. ಮನೆಯ ಯಜಮಾನನನ್ನು ಅತಿಥಿಯು ಜಗುಲಿಗೆ ಕಳುಹಿದಂತೆ ಹಳೆಯದಕ್ಕೆ ಕರಿಯೆಂಬ ವಿಶೇಷಣವು ಬೇಕಾಯಿತು. ಲೋಕೋಪಕಾರವನ್ನು ಪಾಠ ಹೇಳುವ ಉಪಾಧ್ಯಾಯರು ಮೆಣಸೆಂಬಲ್ಲಿ ವಿದ್ಯಾರ್ಥಿಯ ಕಣ್ಣೆದುರಿಗೆ ಕೆಂಪುಕಾಯಿ ಬಾರದಂತೆ ನೋಡಿಕೊಳ್ಳಬೇಕು.

ಶುಂಠಿಯ ವಿಷಯದಲ್ಲಿ ಉತ್ತರದ ಕನ್ನಡವು ತೆಂಕಣ ಕನ್ನಡಕ್ಕಿಂತ ಶಾಸ್ತ್ರಕ್ಕೆ ಹತ್ತಿರವಾಗಿದೆ. ಸಂಹಿತೆಗಳಲ್ಲಿ ಶುಂಠಿಯೆಂದರೆ ಒಣಗಿದುದು, ಹಸಿಯದು ಆರ್ದ್ರಕ. ಮೈಸೂರಿನ ಕಡೆ ಎರಡಕ್ಕೂ ಶುಂಠಿಯೆಂದೇ ಕರೆದು, ಬೇಕಾದಲ್ಲಿ ಹಸಿ, ಒಣ ಎಂದು ಸೇರಿಸುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಹಸಿಯದಕ್ಕೆ ಅಲ್ಲವೆಂಬ ಬೇರೆ ಶಬ್ದವೇ ಇದೆ. ತೆಲುಗಿನ ಅಲ್ಲಮು ಇದರ ಒಡಹುಟ್ಟು. ಉರ್ದುವಿನ ಅದ್ರಕ್ ಸಂಸ್ಕೃತದ ಆರ್ದ್ರಕದಿಂದ ಬಂದುದು. ಗುಣದಲ್ಲಿಯೂ ಇವೆರಡಕ್ಕೆ ಭೇದವಿರುವುದರಿಂದ, ಈ ಸೀಮೆಯ ಆಡುಮಾತನ್ನು ಗ್ರಾಮ್ಯವೆಂದು ತಳ್ಳದ ಸಂಪಾದಕನಿಗೆ ಇಲ್ಲಿ ಲಾಭವುಂಟು. ಬೀದರ ಜಿಲ್ಲೆಯಲ್ಲಿ ಶುಂಠಿಯ ಕೃಷಿಯೂ ಪ್ರಸಿದ್ಧವಾದುದು; ಹುಮನಾಬಾದಿನ ಹೆಸರಿನಿಂದಲೇ ಕರೆಯಲ್ಪಡುವ ತಳಿಯೊಂದುಂಟು.

ಜ್ಯೇಷ್ಠಮಧುವಿನ ಕಥೆ ಇನ್ನೂ ಸ್ವಾರಸ್ಯವುಳ್ಳದ್ದು. ಗಂಟಲಿನ ಕೆರೆತಕ್ಕೂ ಕೆಮ್ಮಿಗೂ ಬಾಯಲ್ಲಿಟ್ಟುಕೊಳ್ಳುವ ಈ ಬೇರಿನ ಸಂಸ್ಕೃತನಾಮ ಯಷ್ಟಿಮಧು, ಎಂದರೆ ಕೋಲಿನಲ್ಲಿರುವ ಸಿಹಿ. ಇದಕ್ಕೂ ಹಿರಿತನಕ್ಕೂ ಏನು ಸಂಬಂಧ? ಪ್ರಾಕೃತಗಳಲ್ಲಿ ಯಕಾರವು ಜಕಾರವಾಗುವುದು ನಿಯಮ. ಯಷ್ಟಿಯು ಜಟ್ಠಿಯಾಗಿ, ಗುಜರಾತಿಯಲ್ಲಿ ಜೇಠೀಮಧವಾಗಿ, ಮರಾಠಿಯಲ್ಲಿ ಜ್ಯೇಷ್ಠಮಧವಾಗಿ ನಡೆದುಬಂದುದನ್ನು, ಮೂಲವನ್ನು ಮರೆತ ಯಾವನೋ ಲೇಖಕನು ಮರಳಿ ಸಂಸ್ಕೃತದ ವೇಷ ತೊಡಿಸಿ ಜ್ಯೇಷ್ಠವನ್ನಾಗಿ ಮಾಡಿದನು. ಈ ಬೇರು ದಖ್ಖಣದಲ್ಲಿ ಬೆಳೆಯತಕ್ಕದ್ದಲ್ಲ. ಪಾರಸ, ಅಫಘಾನ ದೇಶಗಳ ಕಡೆಯಿಂದ ಬರತಕ್ಕದ್ದು. ಸರಕು ಬಂದ ದಾರಿಯಲ್ಲಿಯೇ ಹೆಸರೂ ಬಂದಿದೆ. ನೇರವಾಗಿ ಗ್ರಂಥದಿಂದ ಬಂದಿದ್ದರೆ ಕನ್ನಡಿಗರು ಯಷ್ಟಿಮಧುವೆಂದೇ ಅನ್ನುತ್ತಿದ್ದರು. ಅಂಗಡಿಯಿಂದ ಬಂದುದರಿಂದ ಜ್ಯೇಷ್ಠಮಧುವೆಂದರು. ಇದಕ್ಕೆ ಪ್ರತಿಯಾಗಿ ನೆಲದಲ್ಲಿಯೇ ಹುಟ್ಟಿದ ಅಳಲೆ, ತಾರೆ, ನೆಲಗುಳ್ಳಗಳಿಗೆ ಅಚ್ಚಗನ್ನಡದ ಹೆಸರುಗಳೇ ನಿಂತಿವೆ. ತಾರೆಕಾಯಿಯ ಸಿಪ್ಪೆಯನ್ನು ಬಾಯಲ್ಲಿಟ್ಟು ರಸವನ್ನು ನುಂಗುವುದು ಶಾಸ್ತ್ರದಲ್ಲಿಯೂ ಮನೆಗಳಲ್ಲಿಯೂ ಇರುವ ಕ್ರಮ.

ಎಲ್ಲಕ್ಕಿಂತ ಹೆಚ್ಚು ವಿಚಾರಿಸಬೇಕಾದುದು ಆಡುಸೋಗೆ. ಸಂಸ್ಕೃತದಲ್ಲಿ ವಾಸಾ, ವೃಷ, ಆಟರೂಷಕ, ಮರಾಠಿಯಲ್ಲಿ ಅಡುಳಸಾ, ಹಿಂದಿ ಉರ್ದುಗಳಲ್ಲಿ ಅಡೂಸಾ, ತಮಿಳಿನಲ್ಲಿ ಆಡಾತೋಡೈ. ೧೭೫೩ರಲ್ಲಿ ಲಿನ್ನೇಯಸನು ಈ ಗಿಡಕ್ಕೆ ಹೆಸರಿಡುವಾಗ ತೆಂಕಣ ಭಾಷೆಗಳ ಈ ಹೆಸರನ್ನೇ ಲತೀನಿನಲ್ಲಿ ಉಳಿಸಿಕೊಂಡನು. ಆಡು ತೊಡದು, ಎಂದರೆ ಮುಟ್ಟದು, ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಎಲೆಯು ಕಹಿಯಾದುದರಿಂದ ದನಕರುಗಳು ಬಾಯಿ ಹಾಕುವುದಿಲ್ಲವೆಂಬುದು ನಿಜ. ಬೇಲಿಗೆ ನೆಡುವುದೂ ಅದಕ್ಕಾಗಿಯೇ. ಆದರೆ ಆಟರೂಷ, ಅಡುಳಸಾ, ಆಡುಸೋಗೆ ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದರೆ, ಪ್ರಾಕೃತದ ಮೂಲಕ ಬಂದ ಅರ್ಥವಿಲ್ಲದ ಒಂದು ಧ್ವನಿಯನ್ನು ಕನ್ನಡಿಗನ ಕಿವಿಯು ತನಗೆ ತಿಳಿದ ಆಡಿಗೂ ಸೋಗೆಗೂ ಒಗ್ಗಿಸಿಕೊಂಡಿತೆಂದು ಹೇಳುವುದೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಕಬ್ಬಿಗೂ ಅಡಕೆಗೂ ಸೋಗೆಯುಂಟು. ಈ ಪೊದೆಗೆ ಸೋಗೆಯೆಲ್ಲಿಯದು?

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಗಾದೆ. ಗಾದೆಗೆ ವಿರುದ್ಧವಾಗಿ ಕನ್ನಡದಲ್ಲಿ ಆಡು ಮುಟ್ಟದವು ಒಂದಲ್ಲ, ಎರಡಿವೆ; ಅಪಾಯವಿರುವುದೂ ಅಲ್ಲಿಯೇ. ಆಡುಸೋಗೆಗೆ ಆಡುಮುಟ್ಟದ ಸೊಪ್ಪೆಂದೂ ಹೆಸರು. ಆಡುಮುಟ್ಟದ ಬಳ್ಳಿಯೆಂಬುದು ಬೇರೊಂದು ಸಸ್ಯ: ಎಕ್ಕದ ಕುಲಕ್ಕೆ ಸೇರಿದುದು, ಹಬ್ಬುವಂತಹುದು. ಮೊದಲನೆಯದು ಆಳೆತ್ತರದ ಪೊದೆ, ಬಿಳಿಯ ಹೂ, ಉದ್ದನೆಯ ಎಲೆ; ಕಫವನ್ನು ಸಡಿಲಿಸಿ ಹೊರಕ್ಕೆ ತರುವುದು ಅದರ ಗುಣ. ಎರಡನೆಯದನ್ನು ಉಬ್ಬಸಕ್ಕೆ ಕೊಡುವುದುಂಟು, ಆದರೆ ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಇಪಿಕಾಕ್ ಎಂಬ ವಾಂತಿಕಾರಕ ಬೇರಿಗೆ ಪ್ರತಿಯಾಗಿ ಇದನ್ನು ಬಳಸಿದ್ದರು. ಓಲೆಯಲ್ಲಿ ‘ಆಡುಮುಟ್ಟದ’ ಎಂದಿಷ್ಟೇ ಇದ್ದರೆ ಯಾವುದನ್ನು ಗ್ರಹಿಸಬೇಕು? ಕಫಕಾಸಕ್ಕೆ ವಮನವೂ ವಿಹಿತವಾಗಿರುವುದರಿಂದ, ಬಳ್ಳಿಯನ್ನು ಗ್ರಹಿಸಿದವನಿಗೂ ಶಾಸ್ತ್ರದ ಬೆಂಬಲವು ದೊರೆತಂತೆ ತೋರುತ್ತದೆ. ತೊಡಕು ಗಟ್ಟಿಯಾಗುವುದು ಇಲ್ಲಿ. ಆಗ ಪ್ರಯೋಗವನ್ನು ನೋಡಬೇಕು. ಸ್ವರಸವನ್ನು ಹಿಂಡಿ ಮಧುವಿನೊಡನೆ ದಿನದಿನವೂ ಕೊಡಹೇಳಿದ್ದರೆ, ಅಥವಾ ಎಲೆಯನ್ನು ಬಾಡಿಸಿ ರಸ ತೆಗೆಯಹೇಳಿದ್ದರೆ ಅದು ವಾಸೆ. ಒಮ್ಮೆ ಕೊಟ್ಟು ಕಫವು ಬಾಯಿಂದ ಹೋಗುವುದನ್ನು ಹೇಳಿದ್ದರೆ ಬಳ್ಳಿಯೆಂದು ಶಂಕಿಸಬೇಕು. ಶಬ್ದಕೋಶವೊಂದನ್ನೇ ನೆಚ್ಚಿ ‘ಒಂದು ಜಾತಿಯ ಗಿಡ’ ಎಂದು ಬರೆದು ಮುಗಿಸುವ ಟಿಪ್ಪಣಿಕಾರರು ಈ ಕೆಲಸವನ್ನು ಓದುವವನ ತಲೆಗೆ ಕಟ್ಟುತ್ತಾರೆ.

ಆಡುಸೋಗೆಯ ಕೀರ್ತಿಯು ನವೀನರ ಪರೀಕ್ಷೆಯಲ್ಲಿಯೂ ನಿಂತಿದೆ. ೧೮೮೮ರಲ್ಲಿ ಹೂಪರನು ಅದರ ಎಲೆಯಿಂದ ವಾಸಿಸೀನ್ ಎಂಬ ಸಾರವನ್ನು ಬೇರ್ಪಡಿಸಿದನು. ೧೯೬೦ರ ದಶಕದಲ್ಲಿ ಬಳಕೆಗೆ ಬಂದ ಬ್ರೋಮ್‌ಹೆಕ್ಸೀನ್ ಎಂಬ ಕಫಹರ ಔಷಧವು ಅದರ ಮಾದರಿಯ ಮೇಲೆ ರಚಿತವಾದುದು. ಅದೇ ಸಾರವು ಗರ್ಭಾಶಯವನ್ನು ಸಂಕೋಚಗೊಳಿಸುವುದರಿಂದ ಗರ್ಭಿಣಿಯರಿಗೆ ಈ ಎಲೆ ಕೂಡದು. ವಾಸೆಯಿರುವಲ್ಲಿ ಕ್ಷಯರೋಗಿಯು ದುಃಖಿಸಬೇಕಾಗಿಲ್ಲವೆಂದು ಹೊಗಳುವ ಪ್ರಸಿದ್ಧ ಶ್ಲೋಕದ ಅಭಿಪ್ರಾಯವನ್ನು ಅಕ್ಷರಶಃ ಗ್ರಹಿಸಬಾರದು. ಚರಕನು ಕಫಜವನ್ನೂ ಕ್ಷಯಜವನ್ನೂ ಬೇರೆಬೇರೆಯಾಗಿ ಎಣಿಸಿದುದಕ್ಕೆ ಪ್ರಯೋಜನವಿದೆ. ಎರಡು ವಾರಗಳನ್ನು ಮೀರಿದ ಕೆಮ್ಮನ್ನು, ರಕ್ತ ಬೀಳುವ ಕೆಮ್ಮನ್ನು ಮನೆಯ ಮದ್ದಿಗೆ ಬಿಡದೆ ಕ್ಷಯದ ಪರೀಕ್ಷೆ ಮಾಡಿಸತಕ್ಕದ್ದು.

ಚಾಳುಕ್ಯರ ಬಳಿಕ ಕಲ್ಯಾಣದ ಸೀಮೆಯು ದೇವಗಿರಿಯ ಸೇವುಣರಿಗೆ ಸೇರಿತು. ಅವರ ಮಂತ್ರಿಯಾದ ಹೇಮಾದ್ರಿಯು ಅಷ್ಟಾಂಗಹೃದಯಕ್ಕೆ ಆಯುರ್ವೇದರಸಾಯನವೆಂಬ ವ್ಯಾಖ್ಯಾನವನ್ನು ಬರೆದನು. ಅನಂತರ ಬಹಮನಿ ಸುಲ್ತಾನರ ರಾಜಧಾನಿಯು ಬೀದರಕ್ಕೆ ಬಂದಮೇಲೆ ಈ ನಾಡಿನ ವೈದ್ಯಕ್ಕೆ ಹೊಸ ಕವಲೊಡೆಯಿತು. ಎರಡನೆಯ ಅಲಾವುದ್ದೀನ್ ಅಹಮದನು (೧೪೩೬-೧೪೫೮) ಬೀದರದಲ್ಲಿ ದಾರುಶ್ಶಿಫಾ ಎಂಬ ಆಸ್ಪತ್ರೆಯನ್ನು ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟು, ಮುಸಲ್ಮಾನ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನೆಂದು ಫೆರಿಶ್ತನ ಇತಿಹಾಸವು ಹೇಳುತ್ತದೆ. ಒಂದೇ ಛಾವಣಿಯ ಕೆಳಗೆ ಕಫವೂ ಬಲ್ಗಮ್ ಎಂಬುದೂ ಸಂಧಿಸಿದುದು ಆಗಲೇ. ಬಲ್ಗಮ್ ಅರಬ್ಬಿಯದಾದರೂ ಅದರ ಮೂಲವು ಗ್ರೀಕರ ಫ್ಲೆಗ್ಮ.

ಹೆಸರುಗಳು ಹೀಗೆ ಎದುರುಬದುರಾದರೂ ಚಿಕಿತ್ಸೆಯ ತತ್ತ್ವದಲ್ಲಿ ಭೇದವಿತ್ತು. ವೈದ್ಯನು ಕಫವನ್ನು ಕಟು ಉಷ್ಣ ದ್ರವ್ಯಗಳಿಂದ ಕರಗಿಸಿ ಒಣಗಿಸಲು ನೋಡುತ್ತಾನೆ. ಹಕೀಮನು ಬಲ್ಗಮನ್ನು ಮೊದಲು ಹದಗೊಳಿಸಿ, ಮೆತ್ತಗಾದಮೇಲೆ ಹೊರಡಿಸುತ್ತಾನೆ. ಬನಫ್ಶ, ಉನ್ನಾಬ್, ಸಪಿಸ್ತಾನ್, ಮುಲೇಠಿ ಮೊದಲಾದುವನ್ನು ಕುದಿಸಿದ ಜೋಶಾಂದದ ಗುರಿ ಇದು. ಜೋಶಾಂದವೆಂಬುದಕ್ಕೆ ಪಾರಸಿಯಲ್ಲಿ ಕುದಿಸಿದುದು ಎಂದೇ ಅರ್ಥ, ನಮ್ಮ ಕಷಾಯ. ಮುಲೇಠಿಯು ಮೇಲೆ ಹೇಳಿದ ಯಷ್ಟಿಮಧುವೇ, ಬೇರೊಂದು ಬಾಗಿಲಿನಿಂದ ಬಂದುದು. ಸಪಿಸ್ತಾನ್ ಎಂಬ ಪಾರಸಿಯ ಹೆಸರು ಹೊತ್ತುದು ನಮ್ಮ ಹೊಲಗಳ ಚಳ್ಳೆಹಣ್ಣು. ಕನ್ನಡದಲ್ಲಿ ಚಳ್ಳೆಹಣ್ಣು ತಿನ್ನಿಸುವುದೆಂದರೆ ಮೋಸಮಾಡುವುದು. ಸಂಸ್ಕೃತದಲ್ಲಿ ಅದರ ಲೋಳೆಯನ್ನು ಕಂಡು ಶ್ಲೇಷ್ಮಾತಕವೆಂದರು. ಹಕೀಮರ ಕಟ್ಟಿನಲ್ಲಿ ಅದೇ ಕಫದ ಮದ್ದಾಯಿತು.

ಹುಮನಾಬಾದವು ಸೊಲ್ಲಾಪುರ ಹೈದರಾಬಾದುಗಳ ನಡುವಣ ದಾರಿಯಲ್ಲಿರುವ ಊರು. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ೧೮೧೭ರಲ್ಲಿ ಜನಿಸಿ, ೧೮೪೫ರಲ್ಲಿ ಹುಮನಾಬಾದದ ಬಳಿ ಮಾಣಿಕನಗರವನ್ನು ನೆಲೆಗೊಳಿಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದುದನ್ನು ನೆನೆದರೆ ಸಾಕು, ಈ ಸೀಮೆಯ ಭಾಷಾಸ್ಥಿತಿ ಮನವರಿಕೆಯಾಗುವುದು. ಇಂತಹ ಊರಿನಲ್ಲಿ ಒಂದೇ ಎಲೆಗೆ ಆಡುಸೋಗೆ, ಅಡುಳಸಾ, ಅಡೂಸಾ ಎಂದು ಮೂರು ಹೆಸರುಗಳಿದ್ದರೂ ತೊಡಕಿಲ್ಲ; ಗಿರಾಕಿಯೂ ಅಂಗಡಿಯವನೂ ಎಲೆಯನ್ನು ಬಲ್ಲರು. ತೊಡಕು ಬರುವುದು ಒಂದೇ ಹೆಸರಿಗೆ ಎರಡು ಗಿಡಗಳಾದಾಗ. ಅಥವಾ ಹೆಸರು ಮಾತ್ರ ಉಳಿದು ಗಿಡವು ಕಣ್ಮರೆಯಾದಾಗ. ಅಥವಾ ದೊಡ್ಡಪತ್ರೆಯಂತೆ ಆಫ್ರಿಕದಿಂದ ಬಂದು ಮನೆಯಂಗಳದಲ್ಲಿ ನೆಲೆಸಿದುದನ್ನು ಋಷಿಗಳ ಕಾಲದ್ದೆಂದು ಭಾವಿಸಿ ಪ್ರಾಚೀನಗ್ರಂಥಗಳಲ್ಲಿ ಹುಡುಕತೊಡಗಿದಾಗ.

ಹೆಸರನ್ನು ನಂಬಿದವರಿಗೆ ಒದಗಬಹುದಾದ ವಿಪತ್ತಿಗೆ ಕಾಸಮರ್ದವು ನಿದರ್ಶನ. ಕಾಸವನ್ನು ಮರ್ದಿಸುವುದೆಂಬ ಅರ್ಥವೇ ಅದರ ಹೆಸರಿನಲ್ಲಿದೆ. ಮರಾಠಿಯ ಕಾಸವಿಂದಾ, ಹಿಂದಿಯ ಕಸೌಂದಿ ಇದರ ತದ್ಭವಗಳು. ಚರಕನ ಕಾಸಚಿಕಿತ್ಸೆಯಲ್ಲಿ ಕಾಸಮರ್ದವು ಬರುತ್ತದೆ. ಇಂದು ಈ ಹೆಸರಿನಿಂದ ಗ್ರಹಿಸುವುದು ತಗಚೆಯ ಜಾತಿಯ, ಬೀಳುನೆಲಗಳಲ್ಲಿ ಮಳೆಯ ಬೆನ್ನಲ್ಲಿ ಎದ್ದು ಹಳದಿ ಹೂ ಬಿಡುವ ಗಿಡವನ್ನು. ಉತ್ತರಪ್ರದೇಶದ ಪಶ್ಚಿಮಭಾಗದ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳು ವರ್ಷವರ್ಷವೂ ಚಳಿಗಾಲದ ಮೊದಲಲ್ಲಿ ಹಠಾತ್ತಾಗಿ ಪ್ರಜ್ಞೆ ತಪ್ಪಿ ಸಾಯುತ್ತಿದ್ದುದಕ್ಕೆ ಕಾರಣವು ಬಹುಕಾಲ ತಿಳಿದಿರಲಿಲ್ಲ. ಆಟವಾಡುತ್ತ ಈ ಗಿಡದ ಬೀಜಗಳನ್ನು ತಿಂದುದೇ ಕಾರಣವೆಂದು ೨೦೦೭ರಲ್ಲಿ ವೈದ್ಯರು ಪ್ರಕಟಿಸಿದರು. ಯಕೃತ್ತು, ಮಾಂಸಖಂಡ, ಮಿದುಳು ಮೂರಕ್ಕೂ ಆ ವಿಷವು ತಗಲುತ್ತದೆ. ಕನ್ನಡ ವೈದ್ಯಗ್ರಂಥಗಳ ಮುಂದಿನ ಮುದ್ರಣಗಳಲ್ಲಿ ಕಾಸಮರ್ದವೆಂಬ ಶಬ್ದ ಬಂದಲ್ಲೆಲ್ಲ ಅರ್ಥಕೋಶದಲ್ಲಿ ‘ಕೆಮ್ಮಿನ ಗಿಡ’ ಎಂಬಷ್ಟರಿಂದ ತೃಪ್ತಿಪಡದೆ, ಸಸ್ಯದ ಗುರುತನ್ನೂ, ಗ್ರಂಥಕಾರನು ಹೇಳಿದುದು ಎಲೆಯೋ ಬೇರೋ ಬೀಜವೋ ಎಂಬುದನ್ನೂ, ಬೀಜದ ವಿಷವನ್ನೂ ಸ್ಪಷ್ಟವಾಗಿ ಬರೆಯತಕ್ಕದ್ದು.